ಮುಗುಡಿಗೊಂದು ಪ್ಲೈವುಡ್ ಪೆಟ್ಟಿಗೆ

ನನ್ನ ಅತ್ತೆ ದಿನಾ ಬೆಳಿಗ್ಗೆ ಬಾವಿಗೆ ಬಗ್ಗಿ ನನ್ನನ್ನು ಬೈಯುತ್ತಿದ್ದರು. ಮುಖಕ್ಕೆ ಹೇಳಿದರೆ ಜಗಳ, ನೆರೆಮನೆಯಲ್ಲಿ ಹೇಳಿದರೆ ಮಧ್ಯಾಹ್ನದೊಳಗೆ ಸುದ್ದಿ ಉಪ್ಪಳ ಪೇಟೆಗೆ ಮುಟ್ಟುತ್ತದೆ, ಮಗನಲ್ಲಿ ಹೇಳಿದರೆ ‘ಹ್ಞೂಂ’ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಹಾಗಾಗಿ ಬಾವಿಗೆ ಹೇಳುವುದು. ಬಾವಿಗೆ ಎಂದರೆ ಬಾವಿಯೊಳಗಿದ್ದ ಮುಗುಡಿಗೆ.

ಮುಗುಡೆಂದರೆ ಮೀಸೆ ಬಿಟ್ಟ, ನುಣ್ಣನೆ ಮೈಯ ಕಪ್ಪು ಮೀನು. ಸೊಳ್ಳೆಮರಿ ತಿನ್ನಲಿ ಎಂದು ಬಾವಿಗೆ ಮೀನು ಬಿಡುವುದು ನಮ್ಮ ಮಂಗಲ್ಪಾಡಿ ಕಡೆ ಹೊಸತಲ್ಲ. ಒಂಬತ್ತು ವರ್ಷದ ಹಿಂದೆ ಗದ್ದೆಯ ತೋಡಿನಿಂದ ಬೆರಳುದ್ದದ ಮರಿಯನ್ನು ಚೊಂಬಿನಲ್ಲಿ ಹಿಡಿದು ತಂದು ಬಿಟ್ಟವರು ಅತ್ತೆಯೇ. ಅದು ಬೆಳೆದು ಮೊಳದುದ್ದವಾಯಿತು. ರಾಟೆ ಕಿರ್ ಎಂದರೆ ಸಾಕು, ಮೇಲೆ ಬರುತ್ತಿತ್ತು. ಅತ್ತೆ ಹತ್ತು ಅಗುಳು ಕುಚ್ಚಿಲನ್ನ ಹಾಕುವರು, ಅದು ತಿನ್ನುವುದು, ಇವರು ಹೇಳುವುದು. ಮಧ್ಯಾಹ್ನ ಬಂಗುಡೆ ಇಲ್ಲದೆ ಊಟಕ್ಕೆ ಕೂರದ ಹೆಂಗಸು ಬೆಳಿಗ್ಗೆ ಇನ್ನೊಂದು ಮೀನಿನ ಹತ್ತಿರ ಕಷ್ಟಸುಖ ಮಾತಾಡುವುದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ಏನು ಹೇಳುತ್ತಿದ್ದರು ಎಂದು ನನಗೆ ಪೂರ್ತಿ ಕೇಳಿಸುತ್ತಿರಲಿಲ್ಲ. ಬಾವಿಗೆ ಬಿದ್ದ ಮಾತು ಗುಂಯ್ ಎಂದು ಸುತ್ತು ಹಾಕಿ ಮೇಲೆ ಬರುವಷ್ಟರಲ್ಲಿ ಅರ್ಥ ಕಳೆದುಕೊಂಡಿರುತ್ತದೆ. ‘ಇವಳು’ ಎಂಬುದೊಂದು ಮಾತ್ರ ಅಡಿಗೆಮನೆಯವರೆಗೆ ಸ್ಪಷ್ಟವಾಗಿ ಬರುತ್ತಿತ್ತು. ‘ಇವಳು’ ಎಂದರೆ ನಾನೇ, ಆ ಮನೆಯಲ್ಲಿ ಬೇರೆ ಇವಳು ಯಾರಿದ್ದಾರೆ. ಕಾಲು ಗಂಟೆ ಕಳೆದು ಅತ್ತೆ ಕೊಡಪಾನ ಸೊಂಟಕ್ಕಿಟ್ಟು ಬರುವಾಗ ಮುಖ ತಿಳಿಯಾಗಿರುತ್ತಿತ್ತು. ‘ದೋಸೆಗೆ ಎಂತ ಚಟ್ನಿ?’ ಎಂದು ನಯವಾಗಿ ಕೇಳುತ್ತಿದ್ದರು. ಮುಗುಡು ಬಂದ ಮೇಲಿನ ಒಂಬತ್ತು ವರ್ಷ ನಾವಿಬ್ಬರೂ ಒಂದೇ ಒಲೆಯ ಮುಂದೆ ಜಗಳವಿಲ್ಲದೆ ಬದುಕಿದ್ದರೆ ಅದರ ಪುಣ್ಯ ಆ ಮುಗುಡಿಗೆ ಸೇರಬೇಕು.

ಆಮೇಲೆ ಹೈವೇ ಅಗಲವಾಗುತ್ತ ಬಂತು. ನಮ್ಮ ಕಂಪೌಂಡು ಹೋಯಿತು, ದಾಸವಾಳ ಹೋಯಿತು, ಅಂಗಳ ಅರ್ಧ ಹೋಯಿತು. ಬಾವಿ ಗೆರೆಯ ಆಚೆ ಬಿತ್ತು. ಹಿತ್ತಿಲಲ್ಲಿ ಬೋರ್‌ವೆಲ್ ಕೊರೆಸಿ ಆಗಿತ್ತು, ನೀರಿಗೆ ತೊಂದರೆ ಇರಲಿಲ್ಲ. ವಿಷು ಕಳೆದ ವಾರ ಟೇಪು ಹಿಡಿದುಕೊಂಡು ಬಂದವರು, ಇನ್ನು ಹದಿನೈದು ದಿನ, ಆಮೇಲೆ ಮಣ್ಣು ತುಂಬಿಸುತ್ತೇವೆ ಎಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಕಾದು ಹೇಳಿದರು:

‘ಮುಚ್ಚುವುದಾದರೆ ಮುಚ್ಚಿ. ಅದರಲ್ಲಿ ಇರುವುದಕ್ಕೆ ಒಂದು ಜಾಗ ಆಗದೆ ನಾನು ಕಟ್ಟೆಯಿಂದ ಏಳುವುದಿಲ್ಲ.’

ಅದರಲ್ಲಿ ಇರುವುದು ಯಾರೆಂದು ತಿಳಿಯದೆ ಬಂದವರು ಬಾವಿಗೆ ಇಣುಕಿ ನೋಡಿದರು, ಪಾಪ. ಮರುದಿನದಿಂದ ಅತ್ತೆಯ ಮರದ ಸ್ಟೂಲು ಬಾವಿಕಟ್ಟೆಯ ಪಕ್ಕಕ್ಕೆ ಹೋಯಿತು. ಅವರ ಮಾತು ತಮಾಷೆಯದ್ದಲ್ಲ ಎಂದು ನನಗೂ ಗಂಡನಿಗೂ ಗೊತ್ತಾಯಿತು.

‘ಹೊಳೆಗೆ ಬಿಡುವ, ಅಮ್ಮ’ ಎಂದರು ನನ್ನ ಗಂಡ.

‘ಬಿಡು. ಸಂಜೆಯೊಳಗೆ ಯಾರಾದರೂ ಹಿಡಿದು ಪುಳಿಮುಂಚಿ ಸಾರು ಮಾಡ್ತಾರೆ.’

‘ಡ್ರಮ್ಮು?’

‘ನಿನ್ನನ್ನು ಡ್ರಮ್ಮಿನಲ್ಲಿ ಇಟ್ಟರೆ ಇರ್ತೀಯಾ?’

ಅಕ್ವೇರಿಯಂ ಅಂಗಡಿಯಲ್ಲಿದ್ದ ಗಾಜಿನ ತೊಟ್ಟಿಗಳು ಬಣ್ಣದ ಪುಟ್ಟ ಮೀನುಗಳಿಗೆ ಸಾಕು, ಮೊಳದುದ್ದದ ಮುಗುಡು ಅದರಲ್ಲಿ ತಿರುಗಬೇಕಾದರೆ ಮೀಸೆ ಮಡಚಿಕೊಳ್ಳಬೇಕು. ಸಿಮೆಂಟಿನ ಟಾಂಕಿ ಕಟ್ಟೋಣವೆಂದರೆ ಇನ್ನೂ ಎಷ್ಟು ಜಾಗ ಹೋಗುತ್ತದೋ ಬಲ್ಲವರಿಲ್ಲ. ಬೇಕಾದರೆ ನೀರು ಚೆಲ್ಲಿ ಎತ್ತಿಕೊಂಡು ಹೋಗುವಂಥದ್ದೇ ಆಗಬೇಕು. ಗಂಡನಿಗೆ ಸೆಂಟ್ರಿಂಗ್ ಕೆಲಸ, ಎಂದರೆ ಕಾಂಕ್ರೀಟು ಹಾಕುವ ಮೊದಲು ಹಲಗೆ ಕಟ್ಟಿ ಅಚ್ಚು ಮಾಡಿಕೊಡುವುದು. ಮನೆಯ ಹಿಂದೆ ಪ್ಲೈವುಡ್ ರಾಶಿ ಬಿದ್ದಿತ್ತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಮುಂದೊಂದು ಗಾಜು, ಹೀಗೆ ಒಂದು ಪೆಟ್ಟಿಗೆ ಮಾಡುವುದೆಂದಾಯಿತು. ಮರ ನೀರು ಕುಡಿಯದ ಹಾಗೆ ಒಳಗೆ ಒಂದು ಪದರ ಕೊಟ್ಟರೆ ಮುಗಿಯಿತು.

ಆ ಒಂದು ಪದರಕ್ಕೆ ನಾವು ಪಟ್ಟ ಪಾಡು ದೇವರಿಗೇ ಪ್ರೀತಿ. ಮೀನು ಸತ್ತರೆ ಅತ್ತೆಗೆ ದುಃಖ, ಅದು ಸರಿ. ನನಗೆ ಇದ್ದ ಹೆದರಿಕೆ ಬೇರೆ. ದಿನಕ್ಕೆ ಕಾಲು ಗಂಟೆಯಂತೆ ಬಾವಿಗೆ ಬೀಳುತ್ತಿದ್ದ ಆ ಬೈಗುಳವೆಲ್ಲ ಇನ್ನು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಇರುವುದು ಒಂದೇ ಇವಳು.

ಮೊದಲು ಗಂಡನ ಸರದಿ. ಎರಡು ದಿನದಲ್ಲಿ ಪೆಟ್ಟಿಗೆ ನಿಂತಿತು, ಗಟ್ಟಿಮುಟ್ಟಾಗಿಯೇ ಇತ್ತು. ತಾರಸಿ ಸೋರದಂತೆ ಬಳಿಯುವ ಬಿಳಿ ಬಣ್ಣ ತಂದು ಎರಡು ಕೈ ಬಳಿದರು. ‘ತಾರಸಿಯ ಮೇಲೆ ಮಳೆಗಾಲವೇ ನಿಲ್ತದೆ, ಇದೊಂದು ಪೆಟ್ಟಿಗೆ ನೀರು ಎಂತ ಲೆಕ್ಕ’ ಎಂದರು. ಒಣಗಿದ ಮೇಲೆ ನೀರು ತುಂಬಿಸಿದೆವು. ಮರುದಿನ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಅದರ ಮರುದಿನ ಅತ್ತೆ ಬೆರಳಿನಿಂದ ಒಂದು ಮೂಲೆ ಎತ್ತಿ ಎಳೆದರು, ಕಾಸಿದ ಹಾಲಿನ ಕೆನೆಯಂತೆ ಇಡೀ ಗೋಡೆಯ ಬಣ್ಣ ಒಟ್ಟಿಗೆ ಎದ್ದು ಬಂತು. ಅದನ್ನು ಮಗನ ಮುಂದೆ ಹಿಡಿದು, ‘ಇದನ್ನು ಮಡಚಿ ಇಡಲಾ?’ ಎಂದು ಕೇಳಿದರು. ಐದು ದಿನ ನೀರಲ್ಲಿ ಹೋಮವಾಯಿತು.

ಈಗ ನನ್ನ ಸರದಿ. ನಾನು ಹೊಲಿಗೆಯವಳು. ಮನೆಯ ಬದಿಕೋಣೆಯಲ್ಲಿ ಮೆಷಿನ್ ಇಟ್ಟು ಇಪ್ಪತ್ತು ವರ್ಷವಾಯಿತು. ಈ ಸುತ್ತಿನ ಹೆಂಗಸರಲ್ಲಿ ಯಾರ ತೋಳು ದಪ್ಪವಾಗಿದೆ, ಯಾರದ್ದು ಇಳಿದಿದೆ ಎಂದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಎಂಥೆಂಥ ಸೊಟ್ಟ ಬೆನ್ನಿಗೆ ಬ್ಲೌಸು ಕೂರಿಸಿದವಳಿಗೆ ನಾಲ್ಕು ಮೂಲೆಯ ಒಂದು ಪೆಟ್ಟಿಗೆಗೆ ಒಳಪದರ ಹೊಲಿಯುವುದು ಯಾವ ಘನಂದಾರಿ ಕೆಲಸ ಎಂದುಕೊಂಡೆ. ಗಂಡನಿಗೆ ಹಾಗೆಯೇ ಹೇಳಿಯೂ ಬಿಟ್ಟೆ, ಅದೇ ತಪ್ಪಾದದ್ದು.

ಕಟ್ಟಿಗೆ ರಾಶಿಯ ಮೇಲೆ ಒಂದು ದೊಡ್ಡ ಫ್ಲೆಕ್ಸ್ ಹೊದೆಸಿತ್ತು, ಹಿಂದಿನ ಚುನಾವಣೆಯದ್ದು. ಕೈ ಮುಗಿದು ನಗುವ ಒಬ್ಬರ ಮುಖ ನನ್ನ ಕತ್ತರಿಸುವ ಮೇಜಿನಷ್ಟು ಅಗಲ. ಅವರು ಗೆದ್ದವರೋ ಸೋತವರೋ ನಾನು ಹೇಳುವುದಿಲ್ಲ, ನನ್ನ ಗಿರಾಕಿಗಳಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಎರಡು ಸೀಸೆ ಸೋಪು ನೀರು ಹಾಕಿ ತಿಕ್ಕಿ ತೊಳೆದು ಒಣಗಿಸಿದೆ. ಪೆಟ್ಟಿಗೆಯ ಅಳತೆ ತೆಗೆದೆ. ಮೂಲೆಗಳಲ್ಲಿ ಬಟ್ಟೆ ಮುದುಡಬಾರದಲ್ಲ, ಅದಕ್ಕೆ ಬ್ಲೌಸಿಗೆ ಟಕ್ಸು ಹಿಡಿಯುವ ಹಾಗೆಯೇ ಟಕ್ಸು ಹಿಡಿದೆ. ದಪ್ಪ ಸೂಜಿ ಹಾಕಿ, ಪ್ರತಿಯೊಂದು ಅಂಚಿಗೂ ಎರಡೆರಡು ಹೊಲಿಗೆ ಹೊಡೆದೆ. ಒಂದು ಹೊಲಿಗೆ ಬಿಟ್ಟರೂ ಇನ್ನೊಂದು ಹಿಡಿಯಲಿ ಎಂಬ ಮುಂದಾಲೋಚನೆ ನನ್ನದು. ಚಿತ್ರ ಹಲಗೆಯ ಕಡೆಗೆ ಬರಲಿ ಎಂದಿದ್ದೆ, ಅತ್ತೆ ಒಪ್ಪಲಿಲ್ಲ.

‘ಮುಖ ಒಳಗೆ ಇರಲಿ. ಅದಕ್ಕೂ ನೋಡಲಿಕ್ಕೆ ಒಬ್ಬರು ಬೇಡವಾ?’

ಹಾಗೆ ಆ ಮಹನೀಯರು ಪೆಟ್ಟಿಗೆಯ ತಳದಲ್ಲಿ ಕೈ ಮುಗಿದು ಮಲಗಿದರು. ಒಳಪದರ ಮಾತ್ರ ಎಷ್ಟು ಚಂದ ಕೂತಿತ್ತೆಂದರೆ ಒಂದು ಸುಕ್ಕಿಲ್ಲ. ನೀರು ಬಿಟ್ಟೆವು. ಗೇಣುದ್ದ ಏರುವಷ್ಟರಲ್ಲಿ ಪೆಟ್ಟಿಗೆಯ ಅಡಿಯ ಸಂದುಗಳೆಲ್ಲ ಒದ್ದೆಯಾದವು. ನೀರನ್ನು ಚೆಲ್ಲಿ ಫ್ಲೆಕ್ಸನ್ನು ಹೊರಗೆ ತೆಗೆದು ತಂತಿಗೆ ಹಾಕಿ ಮೇಲಿನಿಂದ ಒಂದು ಕೊಡ ಸುರಿದು ನೋಡಿದರೆ, ಒಂದೊಂದು ಸೂಜಿ ತೂತಿನಿಂದಲೂ ಒಂದೊಂದು ಹನಿ. ಎರಡು ಸಾಲು ಹೊಲಿಗೆ, ಎರಡು ಸಾಲು ಹನಿ. ಇಪ್ಪತ್ತು ವರ್ಷ ಸೂಜಿ ಹಿಡಿದವಳಿಗೆ ಸೂಜಿ ತೂತು ಮಾಡುತ್ತದೆ ಎಂಬ ಒಂದು ಸಂಗತಿ ಹೊಳೆದಿರಲಿಲ್ಲ, ನೋಡಿ. ಯಾವ ಬ್ಲೌಸಿನೊಳಗೂ ಯಾರೂ ನೀರು ತುಂಬಿಸುವುದಿಲ್ಲವಲ್ಲ. ಗಂಡ ಫ್ಲೆಕ್ಸನ್ನು ಮತ್ತೆ ಕಟ್ಟಿಗೆ ರಾಶಿಗೆ ಹೊದೆಸಿದರು, ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ. ಅತ್ತೆ ಸೀದಾ ಬಾವಿಕಟ್ಟೆಗೆ ಹೋದರು. ಅಂದು ‘ಇವಳು’ ನಾಲ್ಕೈದು ಸಲ ಕೇಳಿಸಿತು.

ಏಳು ದಿನ ಕಳೆದಿತ್ತು. ಕಡಲ ಬದಿಯಲ್ಲಿ ದೋಣಿಗಳಿಗೆ ಫೈಬರ್ ಹಾಕುವ ಒಬ್ಬ ಅಣ್ಣನಿದ್ದಾನೆ, ಅವನ ಹೆಂಡತಿ ನನ್ನ ಗಿರಾಕಿ. ಅವನನ್ನು ಕರೆಸಿದೆವು. ಅವನು ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಸಿದ.

‘ಇದು ಸೆಂಟ್ರಿಂಗಿನ ಹಲಗೆ ಅಲ್ಲವಾ? ಇದಕ್ಕೆ ಕರಿ ಆಯಿಲ್ ಬಳಿದಿದ್ದೀರಿ.’

‘ಕಾಂಕ್ರೀಟು ಹಿಡಿಯಬಾರದು ಅಂತ ಬಳಿಯುವುದು’ ಎಂದರು ಗಂಡ.

‘ಕಾಂಕ್ರೀಟು ಹಿಡಿಯದ್ದಕ್ಕೆ ಬಣ್ಣ ಹಿಡಿತದಾ ಮಾರಾಯ್ರೆ?’

ಗಂಡ ಆಕಾಶ ನೋಡಿದರು. ಅಂತೂ ಮೂರ್ಖತನದಲ್ಲಿ ನಾನು ಒಬ್ಬಳೇ ಅಲ್ಲ ಎಂದು ನನಗೆ ತುಸು ಸಮಾಧಾನವಾಯಿತು. ಅವರ ಕಸುಬಿನ ಜಾಣತನ ಅವರನ್ನು ಕೆಡಿಸಿತು, ನನ್ನ ಕಸುಬಿನದ್ದು ನನ್ನನ್ನು.

ಅತ್ತೆ ಅಷ್ಟಕ್ಕೆ ಬಿಡುವವರಲ್ಲ. ಅವರ ತವರು ಕಡಲಿನ ಹತ್ತಿರ. ‘ನಾವು ಸಣ್ಣವರಿರುವಾಗ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಒಂದು ಹನಿ ಒಳಗೆ ಬರುತ್ತಿರಲಿಲ್ಲ. ಅದನ್ನೇ ಬಳಿಯಬಾರದಾ?’ ಎಂದು ಕೇಳಿದರು.

‘ಅಮ್ಮ, ಅದು ಕೈಗೆ ತಾಗಿದರೆ ಚರ್ಮ ಸುಲಿತದೆ. ದೋಣಿಗೆ ಆದರೆ ಮೀನು ಹೊರಗೆ ಇರುವುದು. ಒಳಗೆ ಬರುವ ಮೀನು ಹೇಗೂ ಸಾಯಲಿಕ್ಕೇ ಬರುವುದು. ನಿಮ್ಮದು ಬದುಕಬೇಕಲ್ಲ?’

ನನ್ನ ಅತ್ತೆ ಇನ್ನೊಬ್ಬರ ಮಾತನ್ನು ಒಪ್ಪಿಕೊಂಡದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು. ಫೈಬರಿನ ಅಣ್ಣನ ಮೇಲೆ ನನಗೆ ಅಲ್ಲಿಂದ ಗೌರವ ಹುಟ್ಟಿತು.

ಹೊಸ ಹಲಗೆ ತಂದು ಮತ್ತೆ ಪೆಟ್ಟಿಗೆ ಮಾಡಿದೆವು. ಅವನು ಒಳಗಿನ ಮೂಲೆಗಳಿಗೆಲ್ಲ ಪುಟ್ಟಿ ತುಂಬಿ ಉರುಟು ಮಾಡಿದ, ಚೂಪು ಮೂಲೆಯಲ್ಲಿ ಫೈಬರ್ ಕೂರುವುದಿಲ್ಲವಂತೆ. ಆಮೇಲೆ ಗಾಜಿನ ಎಳೆಗಳ ಬಿಳಿ ಮ್ಯಾಟು ಹಾಸಿ, ಅಂಟು ರಾಳಕ್ಕೆ ಗಟ್ಟಿಯಾಗುವ ಮದ್ದು ಕಲಸಿ ಬ್ರಷ್ಷಿನಲ್ಲಿ ಕುಟ್ಟಿ ಕುಟ್ಟಿ ಹಿಡಿಸಿದ. ಅಳತೆಗೆ ಕತ್ತರಿಸಿ ಕೊಡುತ್ತೇನೆಂದು ನಾನೇ ಮುಂದೆ ಹೋದೆ. ನನ್ನ ಒಳ್ಳೆಯ ಕತ್ತರಿಯ ಬಾಯಿ ಹೋಯಿತು, ಎರಡು ದಿನ ಮೈಯೆಲ್ಲ ತುರಿಸಿತು. ‘ಇದಕ್ಕೆ ಸೂಜಿ ಬೇಡ ಅಕ್ಕ, ಒಂದರ ಮೇಲೊಂದು ನಾಲ್ಕು ಬೆರಳು ಹತ್ತಿಸಿದರೆ ಸಾಕು’ ಎಂದು ಅವನು ಬಹಳ ಮರ್ಯಾದೆಯಿಂದ ಹೇಳಿದ. ನನ್ನ ಫ್ಲೆಕ್ಸಿನ ಕತೆ ಅವನ ಹೆಂಡತಿಯವರೆಗೆ ಮುಟ್ಟಿದೆ ಎಂದು ಗೊತ್ತಾಯಿತು.

ಎರಡು ಪದರ ಹಾಕಿ, ಗಾಜು ಕೂರಿಸಿದ. ಗಾಜಿಗೆ ಸಿಲಿಕಾನ್ ಅಂಟು ತರುವಾಗ ಬಾತ್‌ರೂಮಿನದ್ದು ಬೇಡವೆಂದು ಎರಡೆರಡು ಸಲ ಹೇಳಿದ. ಅದರಲ್ಲಿ ಬೂಸಲು ಹಿಡಿಯದ ಮದ್ದು ಇರುತ್ತದೆ, ಮೀನಿಗೆ ಅದೇ ವಿಷ. ಪೆಟ್ಟಿಗೆ ಎರಡು ದಿನ ಸುಡುಬಿಸಿಲಿನಲ್ಲಿ ಕೂತಿತು. ಆಮೇಲೆ ಬಾವಿಯ ನೀರು ತುಂಬಿಸುವುದು, ಒಂದು ದಿನ ಇಡುವುದು, ಚೆಲ್ಲುವುದು, ಹೀಗೆ ಮೂರು ಸಲ. ಹನಿ ಹೊರಗೆ ಬರಲಿಲ್ಲ. ಆದರೆ ರಾಳದ ವಾಸನೆ ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಅತ್ತೆಯ ಹತ್ತಿರ ಅದಕ್ಕೆ ಉಪಾಯವಿತ್ತು. ಮೊದಲ ದಿನದ ನೀರಿನಲ್ಲಿ ಚಹಾ ಮಾಡಿ ನನ್ನ ಮುಂದೆ ಇಟ್ಟರು.

‘ಕುಡಿ.’

‘ನಾನು ಯಾಕೆ?’

‘ಒಂಬತ್ತು ವರ್ಷ ಅದು ಇದ್ದ ನೀರನ್ನೇ ನಾವು ಕುಡಿದದ್ದು. ನಮಗೆ ಆಗದ ನೀರು ಅದಕ್ಕೆ ಆಗ್ತದಾ?’

ಪ್ರಶ್ನೆ ನ್ಯಾಯವಾದದ್ದೇ, ಲೋಟ ಮಾತ್ರ ನನ್ನ ಮುಂದೆಯೇ ಯಾಕೆ ಬಂತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕುಡಿದೆ. ಹೊಸ ದೋಣಿಯನ್ನು ನೆಕ್ಕಿದ ಹಾಗಿತ್ತು. ಎರಡನೆಯ ದಿನದ್ದು ಪೇಂಟಿನ ಅಂಗಡಿಯ ಮುಂದೆ ನಿಂತು ಕುಡಿದ ಚಹಾದಂತಿತ್ತು. ಮೂರನೆಯ ದಿನ ಬರೀ ಚಹಾ, ಸಕ್ಕರೆ ಕಡಿಮೆ. ನಾನು ಹಾಗೆಂದೆ. ಅತ್ತೆ ತಾವೂ ಒಂದು ಗುಟುಕು ಕುಡಿದು ತಲೆಯಾಡಿಸಿದರು.

ಪೆಟ್ಟಿಗೆಗೆ ಸಮತಟ್ಟು ನೆಲ ಬೇಕಿತ್ತು, ಅದು ಇದ್ದದ್ದು ನನ್ನ ಹೊಲಿಗೆಕೋಣೆಯಲ್ಲಿ ಮಾತ್ರ. ಮೆಷಿನಿಗೂ ಗಿರಾಕಿಗಳು ನೋಡಿಕೊಳ್ಳುವ ನಿಲುಗನ್ನಡಿಗೂ ನಡುವೆ ಅದನ್ನು ಕೂರಿಸಿದೆವು. ಹದಿನೈದನೆಯ ದಿನ ಬೆಳಿಗ್ಗೆ ಬಾವಿಗೆ ಪಂಪು ಇಟ್ಟು ನೀರು ತಗ್ಗಿಸಿ ಗಂಡ ಬುಟ್ಟಿ ಹಿಡಿದು ಇಳಿದರು. ಮುಗುಡಿನ ರೆಕ್ಕೆಯ ಹತ್ತಿರ ಮುಳ್ಳು ಇರುತ್ತದೆ, ಚುಚ್ಚಿದರೆ ಉರಿ ಬೆರಳಿನಿಂದ ಭುಜಕ್ಕೆ ಹತ್ತುತ್ತದೆ. ಕೆಳಗಿನಿಂದ ‘ಅಯ್ಯೋ ಅಮ್ಮಾ’ ಎಂಬ ಕೂಗು ಬಂತು.

‘ಅದಕ್ಕೆ ಎಂತ ಆಗಲಿಲ್ಲವಲ್ಲ ಮಗಾ?’ ಎಂದು ಅಮ್ಮ ಮೇಲಿನಿಂದ ಕೇಳಿದರು.

ಅದಕ್ಕೆ ಏನೂ ಆಗಿರಲಿಲ್ಲ. ಮಗನ ಕೈ ಮೂರು ದಿನ ಬನ್ನಿನ ಹಾಗೆ ಊದಿತ್ತು. ಮಧ್ಯಾಹ್ನ ಯಂತ್ರ ಬಂದು ಬಾವಿಗೆ ಮಣ್ಣು ಸುರಿಯಿತು. ಅತ್ತೆ ಸ್ಟೂಲು ಎತ್ತಿಕೊಂಡು ಒಳಗೆ ಬಂದರು, ಹಿಂದೆ ನೋಡಲಿಲ್ಲ.

ಎಲ್ಲ ಮುಗಿಯಿತು ಎಂದು ನಾನು ಎಣಿಸಿದ್ದೆ. ಮುಗುಡು ಅಡಗಿಕೊಳ್ಳಲೆಂದು ನಾವು ಹಾಕಿದ್ದ ಪೈಪಿನ ತುಂಡಿನೊಳಗೆ ಹೋಗಿ ಕೂತದ್ದು ಹೊರಗೆ ಬರಲೇ ಇಲ್ಲ. ಅತ್ತೆ ಬೆಳಿಗ್ಗೆ ಅಗುಳು ಹಿಡಿದು ಬಂದು ಗಾಜಿನ ಮುಂದೆ ಸ್ಟೂಲು ಹಾಕಿ ಕೂರುವರು. ಅಗುಳು ಹಾಕುವರು. ನನ್ನ ಕಡೆ ಒಮ್ಮೆ ನೋಡುವರು. ಬಾಯಿ ಹೊಲಿದ ಹಾಗೆ ಕೂತು, ಕಾಲು ಗಂಟೆ ಕಳೆದು ಎದ್ದು ಹೋಗುವರು. ಅಗುಳು ತಳದಲ್ಲಿ ಉಬ್ಬಿ ಬಿದ್ದಿರುತ್ತಿತ್ತು, ಸಂಜೆ ನಾನು ಸಣ್ಣ ರಬ್ಬರು ಪೈಪು ಹಾಕಿ ಎಳೆದು ತೆಗೆಯುತ್ತಿದ್ದೆ.

ನಾಲ್ಕನೆಯ ದಿನ ಅಡಿಗೆಮನೆಯಲ್ಲಿ ಮಾತು ಸ್ಫೋಟವಾಯಿತು.

‘ಅದು ಉಪವಾಸ ಸಾಯ್ತದೆ. ನಿನ್ನ ಪೆಟ್ಟಿಗೆಯಲ್ಲಿ ಎಂತೋ ಉಂಟು.’

‘ಪೆಟ್ಟಿಗೆ ನನ್ನದು ಮಾತ್ರವಾ? ಚಹಾ ಕುಡಿದವಳು ನಾನು, ನಾನು ಸಾಯಲಿಲ್ಲವಲ್ಲ.’

‘ನೀನು ಹಾಗೆಲ್ಲ ಸಾಯುವವಳಲ್ಲ.’

ಒಂಬತ್ತು ವರ್ಷದ ಬಾಕಿ ಒಂದೇ ದಿನ ತೀರಿತು. ಸಾರಿನ ಉಪ್ಪಿನಿಂದ ಹಿಡಿದು ನನ್ನ ತವರಿನವರೆಗೆ ಎಲ್ಲ ಬಂತು, ನಾನೂ ಬಾಯಿಗೆ ಬಂದದ್ದು ಹೇಳಿದೆ. ಗಂಡ ಊದಿದ ಕೈ ಹಿಡಿದುಕೊಂಡು ಪೇಟೆಗೆ ಹೋದರು. ನನಗೆ ಅಳುವೇ ಬಂದುಬಿಟ್ಟಿತು. ಮೀನು ಸಾಯುತ್ತದೆ, ಇನ್ನು ಈ ಮನೆಯಲ್ಲಿ ದಿನಾ ಹೀಗೆಯೇ ಎಂದು ನಿಜವಾಗಿ ಹೆದರಿದೆ.

ಸಂಜೆ ಫೈಬರಿನ ಅಣ್ಣ ಬಂದು ನೀರು ಮೂಸಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ.

‘ಫೈಬರಿನದ್ದು ಎಂತ ಇಲ್ಲ ಅಕ್ಕ. ಹೊಸ ಜಾಗ, ಅಷ್ಟೇ. ಅದಕ್ಕೆ ಅಭ್ಯಾಸದ್ದು ಎಂತಾದರೂ ಬೇಕು. ಮೊದಲು ಎಂತ ಇತ್ತು ಅದಕ್ಕೆ?’

ಮೊದಲು ಏನಿತ್ತು? ಕತ್ತಲೆ ಇತ್ತು, ರಾಟೆಯ ಕಿರ್ ಇತ್ತು. ರಾಟೆ ಕಿರ್ ಎಂದ ಮೇಲೆ ಅತ್ತೆಯ ದನಿ ಇತ್ತು. ಒಂಬತ್ತು ವರ್ಷ ನನ್ನ ಮೇಲಿನ ದೂರು ಕೇಳದೆ ಆ ಮೀನು ಒಂದು ಅಗುಳು ತಿಂದಿರಲಿಲ್ಲ. ಈಗ ಅತ್ತೆ ಹೇಳುವುದಾದರೂ ಹೇಗೆ? ಎರಡು ಮಾರು ದೂರದಲ್ಲಿ ‘ಇವಳು’ ಕಿವಿ ತೆರೆದು ಕೂತಿದ್ದಾಳೆ.

ಮರುದಿನ ಅತ್ತೆ ಅಗುಳು ಹಿಡಿದು ಬರುವುದನ್ನು ಕಂಡು ನಾನು ಮೆಷಿನಿನ ಸೂಜಿಯಿಂದ ನೂಲು ತೆಗೆದೆ. ಬಟ್ಟೆ ಇಡಲಿಲ್ಲ. ಅವರಿಗೆ ಬೆನ್ನು ಹಾಕಿ ಕೂತು ತುಳಿಯತೊಡಗಿದೆ. ಹಳೆಯ ಮೆಷಿನ್, ಖಾಲಿ ಓಡಿಸಿದರೆ ಇನ್ನೂ ಜೋರು, ಕೋಣೆಯೆಲ್ಲ ಟಕಟಕ. ಹಿಂದೆ ಸ್ಟೂಲು ಎಳೆದ ಸದ್ದಾಯಿತು. ನಾನು ಇನ್ನೂ ಜೋರಾಗಿ ತುಳಿದೆ. ಆಮೇಲೆ ಸಣ್ಣಗೆ ಕೇಳಿಸಿತು, ‘ಇವಳು...’

ಬಾವಿಯ ಹಾಗೆ ಮೆಷಿನ್ ಮಾತನ್ನು ಕಲಸಿ ಹಾಕುವುದಿಲ್ಲ. ಎಲ್ಲವೂ ಅಕ್ಷರ ಅಕ್ಷರ ಕೇಳಿಸಿತು. ಉಪ್ಪು, ತವರು, ನಿನ್ನೆಯ ಜಗಳ, ನಾನು ಎದುರು ಹೇಳಿದ ಒಂದೊಂದು ಮಾತು. ನಿಲುಗನ್ನಡಿಯಲ್ಲಿ ಓರೆಗಣ್ಣಿನಿಂದ ನೋಡಿದೆ. ಪೈಪಿನ ಬಾಯಿಯಲ್ಲಿ ಎರಡು ಮೀಸೆ ಆಡಿದವು. ಆಮೇಲೆ ತಲೆ ಬಂತು. ಮುಗುಡು ಮೆಲ್ಲಗೆ ಗಾಜಿನ ಹತ್ತಿರ ಬಂದು, ಅತ್ತೆಯ ಮುಖದ ಎದುರೇ ನಿಂತು, ಒಂದು ಅಗುಳು ನುಂಗಿತು.

ಅತ್ತೆ ಅದರ ಕಡೆಗೆ ಇನ್ನಷ್ಟು ಬಗ್ಗಿದರು.

‘ನೋಡು’ ಎಂದರು ಅದಕ್ಕೆ, ‘ಆಗಿನಿಂದ ನೂಲೇ ಹಾಕದೆ ಮೆಷಿನ್ ತುಳಿತಾ ಉಂಟು ಈ ಹೆಂಗಸು. ಇವಳ ಬುದ್ಧಿ ಎಷ್ಟು ಅಂತ ನಾನು ನಿನಗೆ ಹೇಳಿದ್ದೆನಲ್ಲ.’

ನಾನು ತಿರುಗಿ ನೋಡಲಿಲ್ಲ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ತುಳಿಯುತ್ತಲೇ ಇದ್ದೆ.